ಆಸೆ ಎಲ್ಲರಿಗೂ, ದಾರಿ ಕೆಲವರಿಗೆ: ಒತ್ತಡದಿಂದ ಅಪರಾಧದವರೆಗಿನ ಕೊಂಡಿಗಳು

ಬಡತನ ಹೆಚ್ಚಿದರೆ ಅಪರಾಧ ಹೆಚ್ಚುತ್ತದೆ ಎನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆಂದರೆ, ಅದನ್ನು ಒರೆಗೆ ಹಚ್ಚಬೇಕು ಅಂತ ಅನ್ನಿಸುವುದೇ ಇಲ್ಲ. ಅಮೆರಿಕದ ಲೆಕ್ಕವನ್ನೇ ತೆಗೆದು ನೋಡಿ. 1960ರ ದಶಕದಲ್ಲಿ ಅಲ್ಲಿ ಕೆಲಸ ಸಿಗುತ್ತಿತ್ತು, ಸಂಬಳ ಏರುತ್ತಿತ್ತು, ಅದರ ಜೊತೆಗೇ ಅಪರಾಧವೂ ಏರಿತು. 1960ರಲ್ಲಿ ಲಕ್ಷ ಜನರಿಗೆ ಸುಮಾರು 5 ಇದ್ದ ಕೊಲೆಗಳ ಪ್ರಮಾಣ 1980ರ ಹೊತ್ತಿಗೆ 10 ದಾಟಿತ್ತು. ಆಮೇಲೆ 2008ರ ಆರ್ಥಿಕ ಕುಸಿತ ಬಂತು. 2009ರ ಅಕ್ಟೋಬರಿನಲ್ಲಿ ನಿರುದ್ಯೋಗ ಶೇಕಡ 10 ಮುಟ್ಟಿತು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಆದರೂ ಆ ವರ್ಷಗಳಲ್ಲಿ ಹಿಂಸೆಯ ಅಪರಾಧಗಳು ಇಳಿಯುತ್ತಲೇ ಹೋದವು.

ಹಾಗಾದರೆ ಬಡತನಕ್ಕೂ ಅಪರಾಧಕ್ಕೂ ಸಂಬಂಧವೇ ಇಲ್ಲವೆ? ಇದೆ. ಆದರೆ ಅದು ನೆಟ್ಟಗೆ ಒಂದಕ್ಕೊಂದು ಕಟ್ಟಿದ ಹಗ್ಗವಲ್ಲ, ನಡುವೆ ಹಲವು ಕೊಂಡಿಗಳಿರುವ ಸರಪಳಿ. ಒತ್ತಡ ಸಿದ್ಧಾಂತ, ಉಪಸಂಸ್ಕೃತಿ (ಸಮಾಜದೊಳಗೆ ಒಂದು ಗುಂಪು ಕಟ್ಟಿಕೊಂಡ ತನ್ನದೇ ರೀತಿನೀತಿ) ಸಿದ್ಧಾಂತ ಎಂದು ಸಮಾಜಶಾಸ್ತ್ರದ ಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವುದೆಲ್ಲ ಈ ಒಂದೇ ಸರಪಳಿಯ ಕೊಂಡಿಗಳು. ಒಬ್ಬೊಬ್ಬ ವಿದ್ವಾಂಸನೂ ಹಿಂದಿನವನು ಬಿಟ್ಟುಹೋದ ಒಂದು ಕೊಂಡಿಯನ್ನು ಸೇರಿಸುತ್ತ ಬಂದ. ಹೀಗೆ ಓದಿಕೊಂಡರೆ ಹೆಸರುಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ. ಯುಪಿಎಸ್‌ಸಿಯ ಸಮಾಜಶಾಸ್ತ್ರ ಐಚ್ಛಿಕ ವಿಷಯದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ಟನ್ ಇರುವುದರಿಂದ ಕನ್ನಡದಲ್ಲಿ ಇದನ್ನು ಓದುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಎಡವುವುದೂ ಮರ್ಟನ್ ಹತ್ತಿರವೇ.

ಹಾಸಿಗೆ ಮತ್ತು ಕಾಲು

ಮೊದಲ ಕೊಂಡಿ ಫ್ರಾನ್ಸಿನ ಎಮಿಲ್ ಡರ್ಖೈಮ್ ಅವರದು. 1893ರ ಶ್ರಮವಿಭಜನೆಯ ಅಧ್ಯಯನದಲ್ಲೂ 1897ರ ಆತ್ಮಹತ್ಯೆಯ ಅಧ್ಯಯನದಲ್ಲೂ ಅವರು ‘ಅನೋಮಿ’ ಎಂಬ ಪದ ಬಳಸಿದರು. ಕಟ್ಟುಪಾಡು ಸಡಿಲಗೊಂಡ ಸ್ಥಿತಿ ಎಂದು ಅರ್ಥ. ಅವರ ಪ್ರಕಾರ ಮನುಷ್ಯನ ಆಸೆಗೆ ತನ್ನಷ್ಟಕ್ಕೆ ತಳವಿಲ್ಲ, ಸಮಾಜವೇ ಅದಕ್ಕೆ ಗಡಿ ಹಾಕಬೇಕು. ನಮ್ಮ ಹಿರಿಯರು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತಿದ್ದರಲ್ಲ, ಅದೇ ಆ ಗಡಿ. ಆರ್ಥಿಕ ಕುಸಿತದಲ್ಲಿ ಹಾಸಿಗೆ ದಿಢೀರನೆ ಕುಗ್ಗುತ್ತದೆ, ಏರುಗಾಲದಲ್ಲಿ ಎಲ್ಲಿಯವರೆಗೆ ಚಾಚಬೇಕೆಂಬುದೇ ತಿಳಿಯದಂತಾಗುತ್ತದೆ. ಎರಡೂ ಹೊತ್ತಿನಲ್ಲಿ ಆತ್ಮಹತ್ಯೆ ಹೆಚ್ಚುವುದನ್ನು ಅವರು ಲೆಕ್ಕಸಮೇತ ತೋರಿಸಿದರು.

ರಾಬರ್ಟ್ ಕೆ. ಮರ್ಟನ್ ಈ ಪದವನ್ನು ಎತ್ತಿಕೊಂಡು ಬೇರೆ ಕಡೆಗೆ ತಿರುಗಿಸಿದರು. ಅವರು ಹುಟ್ಟಿದ್ದು 1910ರಲ್ಲಿ ಫಿಲಡೆಲ್ಫಿಯಾದ ಬಡ ಯಹೂದಿ ವಲಸಿಗರ ಮನೆಯಲ್ಲಿ. ಹುಟ್ಟುಹೆಸರು ಮೆಯರ್ ಶ್ಕೋಲ್ನಿಕ್. ಮನೆಯ ಹತ್ತಿರವೇ ಕಾರ್ನೆಗಿ ಗ್ರಂಥಾಲಯವಿತ್ತು, ಹುಡುಗ ಅಲ್ಲೇ ಬೆಳೆದ. 1938ರಲ್ಲಿ ಅವರು ಪ್ರಕಟಿಸಿದ ಹತ್ತು ಹನ್ನೊಂದು ಪುಟಗಳ ಒಂದು ಲೇಖನ ಈ ಇಡೀ ಕ್ಷೇತ್ರದ ಬುನಾದಿಯಾಯಿತು.

ಅದರ ವಾದ ಇಷ್ಟು. ಪ್ರತಿ ಸಮಾಜವೂ ತನ್ನ ಜನರಿಗೆ ಎರಡು ಸಂಗತಿ ಕಲಿಸುತ್ತದೆ: ಯಾವುದು ಬಯಸತಕ್ಕದ್ದು, ಅದನ್ನು ಯಾವ ದಾರಿಯಲ್ಲಿ ಪಡೆಯತಕ್ಕದ್ದು. ಅಮೆರಿಕ ಮೊದಲನೆಯದನ್ನು ಗಟ್ಟಿ ದನಿಯಲ್ಲಿ ಕಲಿಸುತ್ತದೆ: ಯಾರು ಬೇಕಾದರೂ ಸಿರಿವಂತರಾಗಬಹುದು, ಆಗಲೇಬೇಕು, ಆಗದಿದ್ದರೆ ತಪ್ಪು ನಿನ್ನದೇ. ಎರಡನೆಯದನ್ನು, ಅಂದರೆ ಒಳ್ಳೆಯ ಶಾಲೆ, ಬಂಡವಾಳ, ಪರಿಚಯ, ಕೆಲಸ ಇವುಗಳನ್ನು, ಕೆಲವರಿಗೆ ಮಾತ್ರ ಕೊಡುತ್ತದೆ. ಆಸೆಗೂ ದಾರಿಗೂ ನಡುವೆ ಬೀಳುವ ಈ ಅಂತರವೇ ಒತ್ತಡ. ಲೇಖನದ ಮುಂದಿನ ರೂಪದಲ್ಲಿ ಅವರು ಒಂದು ಸೊಗಸಾದ ವಿವರ ಸೇರಿಸಿದರು: ಯಾವ ಆದಾಯದ ಅಮೆರಿಕನ್ನನನ್ನು ಕೇಳಿದರೂ ಈಗಿರುವುದಕ್ಕಿಂತ ಕಾಲು ಭಾಗ ಹೆಚ್ಚು ಸಿಕ್ಕರೆ ಸಾಕು ಅನ್ನುತ್ತಾನೆ. ಅದು ಸಿಕ್ಕ ಮೇಲೆ ಮತ್ತೆ ಕಾಲು ಭಾಗ.

ಬಡತನದ ಬಗ್ಗೆ ಮರ್ಟನ್ ಹೇಳಿದ್ದನ್ನು ಗಮನವಿಟ್ಟು ಓದಬೇಕು. ಆಗ್ನೇಯ ಯುರೋಪಿನಲ್ಲಿ ಬಡತನ ಹೆಚ್ಚು, ಆದರೆ ಅಲ್ಲಿ ಬಡತನಕ್ಕೂ ಅಪರಾಧಕ್ಕೂ ಇರುವ ನಂಟು ಅಮೆರಿಕದಷ್ಟು ಬಿಗಿಯಾಗಿಲ್ಲ ಎಂದು ಅವರು ಆ ಲೇಖನದಲ್ಲೇ ಬರೆದರು. ವರ್ಗ ವರ್ಗಕ್ಕೆ ಬೇರೆ ಬೇರೆ ಗುರಿ ಇಟ್ಟಿರುವ ಸಮಾಜದಲ್ಲಿ ಬಡವನು ಸಾಹುಕಾರನ ಜೊತೆ ತನ್ನನ್ನು ಅಳೆದುಕೊಳ್ಳುವುದಿಲ್ಲ. ಒತ್ತಡ ಹುಟ್ಟಬೇಕಾದರೆ ಮೂರೂ ಕೂಡಬೇಕು: ಬಡತನ, ಮುಚ್ಚಿದ ದಾರಿ, ಎಲ್ಲರಿಗೂ ಒಂದೇ ಎಂದು ಸಾರುವ ಗುರಿ. ಜಾತಿಯೇ ಕಸುಬನ್ನೂ ಆಸೆಯನ್ನೂ ಗೊತ್ತುಮಾಡುತ್ತಿದ್ದ ಹಳ್ಳಿಗೂ, ಎಲ್ಲ ಮಕ್ಕಳ ಕೈಯಲ್ಲೂ ಒಂದೇ ಜಾಹೀರಾತು ತೋರಿಸುವ ಮೊಬೈಲ್ ಇರುವ ಊರಿಗೂ ಇರುವ ವ್ಯತ್ಯಾಸ ಇಲ್ಲಿ ತಾನಾಗಿ ನೆನಪಾಗುತ್ತದೆ. ಆ ಹಳೆಯ ಹಳ್ಳಿಯಲ್ಲಿ ಅನ್ಯಾಯ ಕಡಿಮೆಯಿತ್ತೆಂದು ಇದರ ಅರ್ಥವಲ್ಲ. ಆಸೆಪಡುವ ಹಕ್ಕನ್ನೇ ಅಲ್ಲಿ ಮೊದಲು ಕಸಿದುಕೊಂಡಿದ್ದರು, ಅಷ್ಟೆ.

ಈ ಒತ್ತಡಕ್ಕೆ ಮರ್ಟನ್ ಐದು ಪ್ರತಿಕ್ರಿಯೆಗಳನ್ನು ಗುರುತಿಸಿದರು. ಅವನ್ನು ಉರುಹೊಡೆಯುವ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಗುರಿಯನ್ನು ಒಪ್ಪಿದ್ದಾನೆಯೆ? ದಾರಿಯನ್ನು ಒಪ್ಪಿದ್ದಾನೆಯೆ? ಎರಡನ್ನೂ ಒಪ್ಪಿದರೆ ಅನುಸರಣೆ, ನಮ್ಮಲ್ಲಿ ಬಹುತೇಕರು ಇರುವುದು ಇಲ್ಲೇ. ಗುರಿ ಒಪ್ಪಿ ದಾರಿ ಬಿಟ್ಟರೆ ಅದು ‘ನಾವೀನ್ಯ’: ಕಳ್ಳತನ, ವಂಚನೆ, ಲಂಚ, ಅಕ್ರಮ ಮದ್ಯ ಎಲ್ಲ ಬರುವುದು ಇಲ್ಲಿಗೆ. ಮರ್ಟನ್ ಕೊಟ್ಟ ಉದಾಹರಣೆ ಶಿಕಾಗೋದ ಅಕ್ರಮ ಮದ್ಯದ ದೊರೆ ಅಲ್ ಕಪೋನ್. ಗುರಿಯನ್ನು ಕೈಬಿಟ್ಟು ದಾರಿಗೆ ಮಾತ್ರ ಅಂಟಿಕೊಂಡರೆ ವಿಧಿನಿಷ್ಠೆ. ಬಡ್ತಿಯ ಆಸೆ ಬತ್ತಿಹೋಗಿ, ನಿಯಮದ ಪುಸ್ತಕವನ್ನೇ ದೇವರೆಂದುಕೊಂಡ ಗುಮಾಸ್ತ ಈ ಬಗೆ. ಎರಡನ್ನೂ ಬಿಟ್ಟು ಪಕ್ಕಕ್ಕೆ ಸರಿದರೆ ಹಿಮ್ಮೆಟ್ಟುವಿಕೆ, ಅಲೆಮಾರಿಗಳೂ ವ್ಯಸನಿಗಳೂ ಇಲ್ಲಿ ಬರುತ್ತಾರೆ. ಎರಡನ್ನೂ ಬಿಟ್ಟು ಆ ಜಾಗದಲ್ಲಿ ಹೊಸ ಗುರಿ, ಹೊಸ ದಾರಿ ಇಡಹೊರಟರೆ ಬಂಡಾಯ.

ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪು ಎರಡು. ಹಿಮ್ಮೆಟ್ಟುವಿಕೆಯನ್ನೂ ಬಂಡಾಯವನ್ನೂ ಒಂದೇ ಮಾಡುವುದು ಮೊದಲನೆಯದು, ‘ಹೊಸದನ್ನು ತಂದಿಡುವುದು’ ಎಂಬ ಅಂಶ ಮರೆತಾಗ ಹೀಗಾಗುತ್ತದೆ. ಇವನ್ನು ಐದು ಬಗೆಯ ಮನುಷ್ಯರು ಎಂದು ಬರೆಯುವುದು ಎರಡನೆಯದು. ಇವು ನಡವಳಿಕೆಯ ಬಗೆಗಳು. ಒಬ್ಬನೇ ವ್ಯಕ್ತಿ ಕಚೇರಿಯಲ್ಲಿ ವಿಧಿನಿಷ್ಠನಾಗಿದ್ದು ಷೇರು ವ್ಯವಹಾರದಲ್ಲಿ ‘ನವೀನ’ನಾಗಬಹುದು.

ಕದ್ದದ್ದನ್ನು ಎಸೆದುಹೋಗುವ ಹುಡುಗ

ಮರ್ಟನ್ ಹೇಳಿದ್ದು ಸರಿಯಾದರೆ ಅಪರಾಧದಿಂದ ಲಾಭ ಬರಬೇಕು. ಆದರೆ ಊರ ಪುಂಡ ಹುಡುಗರನ್ನು ಗಮನಿಸಿ. ಶಾಲೆಯ ಕಿಟಕಿಗೆ ಕಲ್ಲು ಬೀರುತ್ತಾರೆ, ಗೋಡೆ ಹೊಲಸು ಮಾಡುತ್ತಾರೆ, ಅಂಗಡಿಯಿಂದ ಎತ್ತಿದ ಸಾಮಾನನ್ನು ಮುಂದಿನ ತಿರುವಿನಲ್ಲಿ ಎಸೆದುಹೋಗುತ್ತಾರೆ. ಇದರಿಂದ ಕಾಸಿನ ಪ್ರಯೋಜನವಿಲ್ಲ. ಅದೂ ಒಬ್ಬೊಬ್ಬರೇ ಮಾಡುವುದಿಲ್ಲ, ಗುಂಪಿನಲ್ಲೇ ಮಾಡುತ್ತಾರೆ. ಯಾಕೆ?

1955ರಲ್ಲಿ ಆಲ್ಬರ್ಟ್ ಕೊಹೆನ್ ಕೊಟ್ಟ ಉತ್ತರ ನನಗೆ ಈ ಇಡೀ ಪರಂಪರೆಯಲ್ಲೇ ಅತ್ಯಂತ ಸೂಕ್ಷ್ಮವಾಗಿ ಕಾಣುತ್ತದೆ. ಆತ ಮರ್ಟನ್ ಹತ್ತಿರವೂ, ಅಪರಾಧವನ್ನು ಜನ ಹೇಗೆ ಕಲಿಯುತ್ತಾರೆಂದು ವಿವರಿಸಿದ ಎಡ್ವಿನ್ ಸದರ್ಲೆಂಡ್ ಹತ್ತಿರವೂ ಕಲಿತವನು, ಇಬ್ಬರ ಪ್ರಶ್ನೆಗಳೂ ಅವನ ಬರಹದಲ್ಲಿವೆ. ಕೊಹೆನ್ ಪ್ರಕಾರ ಹುಡುಗನಿಗೆ ಮೊದಲು ಬೇಕಾಗಿರುವುದು ದುಡ್ಡಲ್ಲ, ಮಾನ. ಆ ಮಾನದ ಅಳತೆ ನಡೆಯುವ ಜಾಗ ತರಗತಿ. ಅಲ್ಲಿರುವ ಅಳತೆಗೋಲು ಮಧ್ಯಮವರ್ಗದ್ದು. ಅದರ ಮೇಲಿನ ಗೆರೆಗಳನ್ನು ಅವನು ಒಂದೊಂದಾಗಿ ಬರೆದಿಟ್ಟ: ಮಹತ್ವಾಕಾಂಕ್ಷೆ, ತನ್ನ ಹೊಣೆ ತಾನೇ ಹೊರುವುದು, ಕೌಶಲ, ಇವತ್ತಿನ ಸುಖವನ್ನು ನಾಳೆಗೆ ಮುಂದೂಡುವುದು, ಮುಂದಾಲೋಚನೆ, ನಯವಿನಯ, ಕೈ ಮಾಡದಿರುವುದು, ಬಿಡುವಿನ ವೇಳೆಯ ಸದುಪಯೋಗ, ಪರರ ಸೊತ್ತಿನ ಬಗ್ಗೆ ಗೌರವ. ಮನೆಯಲ್ಲಿ ಪುಸ್ತಕವಿಲ್ಲದ, ಹೋಂವರ್ಕ್‌ಗೆ ಮೇಜಿಲ್ಲದ, ಜಗಳವನ್ನು ಕೈಯಿಂದಲೇ ಬಗೆಹರಿಸುವ ಬೀದಿಯಿಂದ ಬಂದ ಹುಡುಗ ಈ ಕೋಲಿನ ಮುಂದೆ ದಿನವೂ ನಿಲ್ಲಬೇಕು. ದಿನವೂ ಗಿಡ್ಡನಾಗಿ ಕಾಣುತ್ತಾನೆ. ಆ ಅಳತೆ ತನ್ನದಲ್ಲ ಅಂತ ಅವನು ಪೂರ್ತಿ ತಳ್ಳಿಹಾಕಲಾರ, ಯಾಕೆಂದರೆ ಅದನ್ನು ಅವನೂ ಅರ್ಧ ನಂಬಿರುತ್ತಾನೆ.

ನಂಬಿದ್ದರಿಂದಲೇ ತಿರುಗಿಬೀಳುವಿಕೆ ಅಷ್ಟು ತೀವ್ರ. ಅಳತೆಗೋಲನ್ನೇ ತಲೆಕೆಳಗು ಮಾಡುತ್ತಾನೆ: ಶಾಲೆ ಯಾವುದನ್ನು ಕೆಟ್ಟದ್ದು ಅನ್ನುತ್ತದೋ ಅದೇ ಗುಂಪಿನಲ್ಲಿ ಒಳ್ಳೆಯದು. ಸೊತ್ತನ್ನು ಗೌರವಿಸು ಎಂದಿದ್ದಕ್ಕೆ ಸೊತ್ತನ್ನು ಒಡೆಯುವುದು. ಎಸೆದುಹೋದ ಸಾಮಾನಿಗೆ ಬೆಲೆ ಇಲ್ಲದಿದ್ದರೂ ಎತ್ತಿದ ಧೈರ್ಯಕ್ಕೆ ಗುಂಪಿನಲ್ಲಿ ಬೆಲೆ ಇದೆ.

ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಗುಂಪು ಹೇಗೆ ಹುಟ್ಟುತ್ತದೆ ಎನ್ನುವ ಭಾಗವನ್ನು ಮಾತ್ರ ಹಾರಿಸಿಬಿಡುತ್ತವೆ, ಅಸಲು ಜೀವ ಇರುವುದು ಅಲ್ಲೇ. ನಾಲ್ಕು ಹುಡುಗರು ಕಟ್ಟೆಯ ಮೇಲೆ ಕೂತಿದ್ದಾರೆ ಅನ್ನಿ. ನಾಲ್ವರಿಗೂ ಒಂದೇ ಅವಮಾನವಾಗಿದೆ, ಆದರೆ ಬಾಯಿಬಿಟ್ಟು ಹೇಳಿದವನು ಮೊದಲು ನಗೆಪಾಟಲಾಗಬಹುದು. ಒಬ್ಬ ಮೇಷ್ಟರ ಬಗ್ಗೆ ಮೆಲ್ಲಗೆ ಒಂದು ಕೊಂಕು ಮಾತು ಹಾಕುತ್ತಾನೆ. ಅದು ಎರಡರ್ಥದ ಮಾತು: ಯಾರೂ ನಗದಿದ್ದರೆ ‘ಸುಮ್ಮನೆ ಅಂದೆ ಕಣೋ’ ಎಂದು ವಾಪಸು ತೆಗೆದುಕೊಳ್ಳಬಹುದು. ಇನ್ನೊಬ್ಬ ನಕ್ಕರೆ ಮೊದಲಿನವನು ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ, ಮೂರನೆಯವನು ಅದಕ್ಕೊಂದು ಸೇರಿಸುತ್ತಾನೆ. ಹೀಗೆ ಒಬ್ಬರನ್ನೊಬ್ಬರು ತಡವಿ ನೋಡುತ್ತ, ಯಾರೂ ಒಬ್ಬರೇ ತೀರ್ಮಾನಿಸದ ಒಂದು ಹೊಸ ಅಳತೆ ಅಲ್ಲಿ ನಿಂತುಬಿಡುತ್ತದೆ. ಕೊಹೆನ್ ಪ್ರಕಾರ ಉಪಸಂಸ್ಕೃತಿ ಹುಟ್ಟುವುದು ಹೀಗೆ. ಒಂದೇ ತೊಂದರೆ ಇರುವವರು ಒಂದೇ ಕಡೆ, ಒಬ್ಬರಿಗೊಬ್ಬರು ಸಿಗುವಂತೆ ಇರಬೇಕು. ಸಿಗದಿದ್ದರೆ ಆ ಹುಡುಗ ಒಂಟಿಯಾಗಿ ಕೊರಗುತ್ತಾನೆ, ಗುಂಪು ಹುಟ್ಟುವುದಿಲ್ಲ.

ಸೋತ ಹುಡುಗರೆಲ್ಲ ಪುಂಡರಾಗುವುದೂ ಇಲ್ಲ. ಕೆಲವರು ಹಲ್ಲುಕಚ್ಚಿ ಅದೇ ಕೋಲಿಗೆ ತಕ್ಕಂತೆ ಬೆಳೆಯಲು ಹೆಣಗುತ್ತಾರೆ. ಹೆಚ್ಚಿನವರು ತಮ್ಮ ಬೀದಿಯ ಗೆಳೆಯರಲ್ಲಿ, ಸಿಕ್ಕ ಕೆಲಸದಲ್ಲಿ ಸಮಾಧಾನ ಕಂಡುಕೊಳ್ಳುತ್ತಾರೆ.

ಕಳ್ಳನಾಗಲಿಕ್ಕೂ ಅವಕಾಶ ಬೇಕು

1960ರಲ್ಲಿ ರಿಚರ್ಡ್ ಕ್ಲೋವರ್ಡ್ ಮತ್ತು ಲಾಯ್ಡ್ ಓಲಿನ್ ಇನ್ನೊಂದು ಕೊಂಡಿ ಸೇರಿಸಿದರು. ನೇರ ದಾರಿ ಮುಚ್ಚಿದ ಕೂಡಲೇ ಅಡ್ಡದಾರಿ ತೆರೆದಿರುತ್ತದೆ ಎಂದು ಮರ್ಟನ್ ಸುಮ್ಮನೆ ಊಹಿಸಿಕೊಂಡರು ಎಂಬುದು ಅವರ ಆಕ್ಷೇಪ. ಅಡ್ಡದಾರಿಗೂ ಬಾಗಿಲಿದೆ, ಬಾಗಿಲಿಗೂ ಕಾವಲಿದೆ.

ಮನೆಗಳ್ಳತನವನ್ನು ಕಸುಬಾಗಿ ಮಾಡಲು ಏನೇನು ಬೇಕು, ನೋಡಿ. ಬೀಗ ತೆಗೆಯುವುದನ್ನು ಕಲಿಸಿಕೊಡುವ ಹಿರಿಯ ಬೇಕು. ಕದ್ದ ಮಾಲನ್ನು ಬಿಲ್ಲು ಕೇಳದೆ ಕೊಳ್ಳುವವನು ಬೇಕು. ಸಿಕ್ಕಿಬಿದ್ದರೆ ಜಾಮೀನು ಕೊಡಿಸುವವನು, ವಕೀಲ, ಕಣ್ಣುಮುಚ್ಚಿ ಕೂರುವ ಅಧಿಕಾರಿ ಬೇಕು. ಇವೆಲ್ಲ ಒಟ್ಟಿಗೆ ಇರುವ, ಹಳೆಯ ಕಸುಬುದಾರರೂ ಮರ್ಯಾದಸ್ಥರೂ ಒಬ್ಬರನ್ನೊಬ್ಬರು ಬಲ್ಲ ಮೊಹಲ್ಲಾಗಳಲ್ಲಿ ಹುಡುಗರು ಶಿಸ್ತಿನ ‘ಕಸುಬಿನ ಉಪಸಂಸ್ಕೃತಿ’ಗೆ ಸೇರುತ್ತಾರೆ. ಅಲ್ಲಿ ಬೀದಿ ಜಗಳಕ್ಕೆ ಮನ್ನಣೆಯಿಲ್ಲ, ಅದರಿಂದ ವ್ಯಾಪಾರ ಕೆಡುತ್ತದೆ. ಜನ ಬಂದು ಹೋಗುತ್ತಿರುವ, ಯಾರಿಗೆ ಯಾರೂ ಪರಿಚಯವಿಲ್ಲದ ಕಡೆ ಇದ್ಯಾವುದೂ ಇರುವುದಿಲ್ಲ. ಆಗ ಉಳಿಯುವುದು ಜಗಳವೇ: ಬೀದಿ ನನ್ನದು, ತಂಟೆಗೆ ಬಂದರೆ ನೋಡು. ಇದು ‘ಕಾದಾಟದ ಉಪಸಂಸ್ಕೃತಿ’. ಎರಡು ಕಡೆಯೂ ಸಲ್ಲದವರು ಮಾದಕ ವಸ್ತುಗಳ ಗುಂಪಿನಲ್ಲಿ ಸೇರುತ್ತಾರೆ, ಎರಡು ಸಲ ಸೋತವರು.

ಈ ಯೋಚನೆಗೆ ಎರಡು ಬೇರುಗಳಿವೆ. ಒಂದು, ಸದರ್ಲೆಂಡ್ ಹೇಳಿದ್ದು: ಅಪರಾಧವನ್ನು ಕಲಿಯಬೇಕು, ಆಪ್ತರ ಒಡನಾಟದಲ್ಲೇ ಕಲಿಯುವುದು, ಕೈಚಳಕದ ಜೊತೆಗೆ ಸಮರ್ಥನೆಯನ್ನೂ ಕಲಿಯುವುದು. ಇನ್ನೊಂದು, ಶಿಕಾಗೋದಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೆ ನಕ್ಷೆಯ ಮೇಲೆ ಗುರುತು ಮಾಡಿ ತೋರಿಸಿದ್ದು. 1942ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ನಗರದ ನಡುಭಾಗಕ್ಕೆ ಅಂಟಿಕೊಂಡ ಕೆಲವು ವಠಾರಗಳಲ್ಲಿ ದಶಕಗಟ್ಟಲೆ ಬಾಲಾಪರಾಧ ಹೆಚ್ಚಾಗಿಯೇ ಇತ್ತು. ಆ ಅವಧಿಯಲ್ಲಿ ಅಲ್ಲಿನ ನಿವಾಸಿಗಳು ಪೂರ್ತಿ ಬದಲಾಗಿದ್ದರು, ಒಂದು ದೇಶದ ವಲಸಿಗರು ಹೋಗಿ ಇನ್ನೊಂದು ದೇಶದವರು ಬಂದಿದ್ದರು. ಹಾಗೆ ಹೊರಬಿದ್ದವರ ಮಕ್ಕಳಲ್ಲಿ ಅಪರಾಧ ಇಳಿದಿತ್ತು. ಕುಲದಲ್ಲಿ ದೋಷ ಹುಡುಕುವವರಿಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕಿಲ್ಲ.

ಕ್ಲೋವರ್ಡ್ ಮತ್ತು ಓಲಿನ್ ವಾದ ಪುಸ್ತಕದಲ್ಲಿ ಉಳಿಯಲಿಲ್ಲ. ಕೆನಡಿ ಸರ್ಕಾರ 1961ರಲ್ಲಿ ಬಾಲಾಪರಾಧ ತಡೆಗೆ ಕಾನೂನು ಮಾಡಿತು, 1962ರಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲಿ ‘ಮೊಬಿಲೈಸೇಷನ್ ಫಾರ್ ಯೂತ್’ ಎಂಬ ಯೋಜನೆ ಒಂದು ಕೋಟಿ ಡಾಲರಿಗೂ ಮಿಕ್ಕಿದ ಹಣದೊಂದಿಗೆ ಶುರುವಾಯಿತು. ಹುಡುಗರನ್ನು ತಿದ್ದುವ ಬದಲು ಬಾಗಿಲು ತೆರೆಯಬೇಕು ಎಂಬುದು ತತ್ತ್ವ: ಕೆಲಸದ ತರಬೇತಿ, ಪಾಠದ ನೆರವು, ಬೀದಿಬದಿಯ ಮಳಿಗೆಗಳಲ್ಲಿ ಉಚಿತ ಕಾನೂನು ಸಲಹೆ. ಬಾಗಿಲು ಮುಚ್ಚಿದವರು ಯಾರು ಎಂಬ ಪ್ರಶ್ನೆ ಬಂದಾಗ ತಕರಾರು ಎದ್ದಿತು. ಯೋಜನೆಯವರು ಬಾಡಿಗೆದಾರರ ಬಾಡಿಗೆ ಮುಷ್ಕರಕ್ಕೆ ಬೆಂಬಲವಾಗಿ ನಿಂತರು. 1964ರಲ್ಲಿ ಅಲ್ಲಿ ಕಮ್ಯುನಿಸ್ಟರು ನುಸುಳಿದ್ದಾರೆಂಬ ಆರೋಪ ಪತ್ರಿಕೆಯಲ್ಲಿ ಬಂತು, ತನಿಖೆಗಳು ನಡೆದವು, ಯೋಜನೆ ಮೆತ್ತಗಾಯಿತು. ಆದರೆ ಅದೇ ವರ್ಷ ಅಮೆರಿಕ ಘೋಷಿಸಿದ ಬಡತನದ ವಿರುದ್ಧದ ಸಮರಕ್ಕೆ ಇದೂ ಒಂದು ಮಾದರಿಯಾಯಿತು.

ಸಿದ್ಧಾಂತದ ದೌರ್ಬಲ್ಯವೂ ಬೇಗನೆ ಗೊತ್ತಾಯಿತು. ನಿಜವಾದ ಗ್ಯಾಂಗುಗಳು ಮೂರು ಗೂಡುಗಳಲ್ಲಿ ಕೂರುವುದಿಲ್ಲ. ಒಂದೇ ಗ್ಯಾಂಗು ಸೋಮವಾರ ಕದಿಯುತ್ತದೆ, ಬುಧವಾರ ಹೊಡೆದಾಡುತ್ತದೆ, ಶನಿವಾರ ಗಾಂಜಾ ಸೇದುತ್ತದೆ.

‘ಏನಂದೆ?’

ಇನ್ನೊಂದು ಕವಲು ಒತ್ತಡವನ್ನೇ ಒಪ್ಪಲಿಲ್ಲ. ಬಾಸ್ಟನ್ನಿನ ಗ್ಯಾಂಗುಗಳನ್ನು ಹತ್ತಿರದಿಂದ ನೋಡಿದ ವಾಲ್ಟರ್ ಮಿಲ್ಲರ್ 1958ರಲ್ಲಿ, ಕೆಳವರ್ಗದ ಬದುಕಿಗೆ ತನ್ನದೇ ಆದ ಕಾಳಜಿಗಳಿವೆ, ಅವು ಮಧ್ಯಮವರ್ಗದ ತಲೆಕೆಳಗಾದ ನೆರಳಲ್ಲ ಎಂದ. ತಂಟೆಯಲ್ಲಿ ಸಿಲುಕುವುದು, ಗಟ್ಟಿಗತನ, ಚಾಲಾಕಿತನ, ರೋಮಾಂಚನ, ಹಣೆಬರಹ, ಯಾರ ಅಂಕೆಗೂ ಸಿಗದಿರುವುದು, ಇವು ಅವನ ಆರು ಕಾಳಜಿಗಳು. ಹೀಗೆ ಬದುಕುವವನು ಕಾನೂನು ಮುರಿಯಬೇಕೆಂದು ಹೊರಡುವುದಿಲ್ಲ, ದಾರಿಯಲ್ಲಿ ಕಾನೂನು ಅಡ್ಡ ಬರುತ್ತದೆ.

ಮಾರ್ವಿನ್ ವೂಲ್ಫ್‌ಗ್ಯಾಂಗ್ ಫಿಲಡೆಲ್ಫಿಯಾದಲ್ಲಿ 1948ರಿಂದ 1952ರವರೆಗೆ ನಡೆದ 588 ಕೊಲೆಗಳ ಪೊಲೀಸ್ ಕಡತಗಳನ್ನು ಒಂದೊಂದಾಗಿ ಓದಿದರು. ಶೇಕಡ 26ರಷ್ಟು ಪ್ರಕರಣಗಳಲ್ಲಿ ಮೊದಲು ಕೈ ಎತ್ತಿದವನು ಅಥವಾ ಆಯುಧ ತೋರಿಸಿದವನು ಸತ್ತವನೇ. ಬಹಳಷ್ಟು ಕೊಲೆಗಳ ಹಿಂದೆ ಇದ್ದದ್ದು ಹೊರಗಿನವರಿಗೆ ಕ್ಷುಲ್ಲಕ ಅನ್ನಿಸುವ ಕಾರಣ: ಒಂದು ಮಾತು, ಒಂದು ತಳ್ಳು. 1967ರಲ್ಲಿ ಫ್ರಾಂಕೊ ಫೆರಾಕುಟಿ ಜೊತೆ ಸೇರಿ ಅವರು ಇದಕ್ಕೆ ‘ಹಿಂಸೆಯ ಉಪಸಂಸ್ಕೃತಿ’ ಎಂದು ಹೆಸರಿಟ್ಟರು. ‘ಏನಂದೆ?’ ಎಂದು ತಿರುಗಿ ಕೇಳದವನು ಹೇಡಿ ಎನ್ನುವ ಲೆಕ್ಕಾಚಾರ ಅಲ್ಲಿ ನಡೆಯುತ್ತಿರುತ್ತದೆ. ಸುತ್ತ ನಿಂತವರು ನೋಡುತ್ತಿದ್ದರೆ ಹಿಂದೆ ಸರಿಯುವ ಬೆಲೆ ಇನ್ನೂ ಏರುತ್ತದೆ.

ಇಲ್ಲಿ ಎಚ್ಚರ ಬೇಕು. ಇವರು ಯಾಕೆ ಹೊಡೆದಾಡುತ್ತಾರೆ? ಹೊಡೆದಾಟವನ್ನು ಮೆಚ್ಚುವ ಸಂಸ್ಕೃತಿ ಇವರದು. ಅದು ಹೇಗೆ ಗೊತ್ತು? ಹೊಡೆದಾಡುತ್ತಾರಲ್ಲ! ಈ ಗಾಣದ ಸುತ್ತು ತಪ್ಪಿಸಬೇಕಾದರೆ ಮೆಚ್ಚುಗೆಯನ್ನು ಕೃತ್ಯದಿಂದ ಬೇರೆಯಾಗಿ ಅಳೆಯಬೇಕು. ಫಿಲಡೆಲ್ಫಿಯಾದಲ್ಲೇ ವರ್ಷಗಟ್ಟಲೆ ಓಡಾಡಿ 1999ರಲ್ಲಿ ಬರೆದ ಎಲಿಜಾ ಆಂಡರ್ಸನ್ ಇದನ್ನು ಹೆಚ್ಚು ನ್ಯಾಯವಾಗಿ ಬಿಡಿಸಿದರು. ಪೊಲೀಸರು ಕರೆದರೆ ಬರುವುದಿಲ್ಲ ಎಂಬ ಅನುಭವವಿರುವ ಬೀದಿಯಲ್ಲಿ ನಿನ್ನ ರಕ್ಷಣೆ ನಿನ್ನ ಹೆಸರಿನಲ್ಲೇ ಇದೆ. ಹೀಗಾಗಿ ಮರ್ಯಾದೆಯ ಮನೆಯ ಹುಡುಗನೂ ಬೀದಿಗಿಳಿದಾಗ ಒರಟನ ನಡಿಗೆ, ಒರಟನ ಮಾತು ಹಾಕಿಕೊಳ್ಳುತ್ತಾನೆ, ಮನೆಗೆ ಬಂದು ಕಳಚಿಡುತ್ತಾನೆ. ಅವನು ಹಿಂಸೆಯನ್ನು ಮೆಚ್ಚಿಕೊಂಡಿಲ್ಲ, ಅದರಿಂದ ತಪ್ಪಿಸಿಕೊಳ್ಳಲಿಕ್ಕೆ ಅದರ ಭಾಷೆ ಕಲಿತಿದ್ದಾನೆ.

ಸಬೂಬುಗಳು

ಗ್ರೆಷಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಕೇಳಿದ ಪ್ರಶ್ನೆ ಸರಳ. ಪುಂಡ ಹುಡುಗರಿಗೆ ನಿಜಕ್ಕೂ ಬೇರೆಯದೇ ನೀತಿ ಇದ್ದರೆ, ಸಿಕ್ಕಿಬಿದ್ದಾಗ ನಾಚುವುದೇಕೆ? ತಾಯಿಯ ಎದುರು ತಲೆ ತಗ್ಗಿಸುವುದೇಕೆ? ಎಂದರೆ ಅವರಿಗೂ ನಮ್ಮದೇ ನೀತಿ ಗೊತ್ತು. ಅದನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡಲು ಐದು ಬಗೆಯ ಸಬೂಬುಗಳಿವೆ. ‘ಕುಡಿದ ಅಮಲಿನಲ್ಲಿ ಆಗಿಹೋಯಿತು’ ಎಂದು ಹೊಣೆ ಜಾರಿಸುವುದು. ‘ಅವರಿಗೇನು ಕಡಿಮೆ, ಇನ್ಶೂರೆನ್ಸ್ ಬರುತ್ತೆ’ ಎಂದು ನಷ್ಟವನ್ನೇ ಅಲ್ಲಗಳೆಯುವುದು. ‘ಅವನಿಗೆ ಹಾಗೇ ಆಗಬೇಕಿತ್ತು’ ಎಂದು ಪೆಟ್ಟು ತಿಂದವನನ್ನೇ ತಪ್ಪಿತಸ್ಥನನ್ನಾಗಿಸುವುದು. ‘ಇವರೇನು ಸಾಚಾಗಳಾ?’ ಎಂದು ಕೇಳುವವರ ಮೇಲೆ ತಿರುಗುವುದು. ‘ಗೆಳೆಯನ ಕೈಬಿಡೋಕಾಗುತ್ತಾ?’ ಎಂದು ದೊಡ್ಡ ನಿಷ್ಠೆಯ ಹೆಸರು ಹೇಳುವುದು. ಈ ಸಬೂಬು ಕೃತ್ಯ ಆದ ಮೇಲೆ ಹುಟ್ಟುವುದಷ್ಟೇ ಅಲ್ಲ, ಮೊದಲೇ ತಯಾರಿದ್ದು ಕೃತ್ಯಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದೇ ಅವರ ವಾದದ ಮುಖ್ಯ ಅಂಶ.

ಇದು ಬಡ ಮೊಹಲ್ಲಾದ ಹುಡುಗರಿಗೆ ಮಾತ್ರ ಅನ್ವಯಿಸುವುದಿಲ್ಲ. ಸದರ್ಲೆಂಡ್ ಶಿಷ್ಯ ಡೊನಾಲ್ಡ್ ಕ್ರೆಸಿ, ಒಪ್ಪಿಸಿದ ಹಣವನ್ನು ದುರುಪಯೋಗ ಮಾಡಿ ಜೈಲು ಸೇರಿದವರನ್ನು ಮಾತಾಡಿಸಿ 1953ರಲ್ಲಿ ಬರೆದರು. ಎಲ್ಲರ ಕಥೆಯಲ್ಲೂ ಮೂರು ಮೆಟ್ಟಿಲು: ಯಾರಿಗೂ ಹೇಳಿಕೊಳ್ಳಲಾಗದ ಹಣದ ತೊಂದರೆ, ಗುಟ್ಟಾಗಿ ಅದನ್ನು ತೀರಿಸಬಹುದಾದ ಹುದ್ದೆ, ‘ಕದಿಯುತ್ತಿಲ್ಲ, ಸಾಲ ತಗೊಂಡಿದ್ದೀನಿ, ಮುಂದಿನ ತಿಂಗಳು ಹಾಕ್ತೀನಿ’ ಎಂಬ ಮಾತು. ಸದರ್ಲೆಂಡ್ 1949ರಲ್ಲಿ ಅಮೆರಿಕದ 70 ದೊಡ್ಡ ಕಂಪನಿಗಳ ದಾಖಲೆ ಹುಡುಕಿ 980 ಪ್ರತಿಕೂಲ ತೀರ್ಪುಗಳನ್ನು ಪಟ್ಟಿ ಮಾಡಿದರು, ಕಂಪನಿಗೆ ಸರಾಸರಿ 14. ಒಂದೂ ಕಳಂಕವಿಲ್ಲದ ಕಂಪನಿ ಅದರಲ್ಲಿರಲಿಲ್ಲ. ಪ್ರಕಾಶಕರು ಹೆದರಿದ್ದರಿಂದ ಕಂಪನಿಗಳ ಹೆಸರು ಅಚ್ಚಾಗಲಿಲ್ಲ, ಹೆಸರುಗಳಿರುವ ಪೂರ್ಣ ಪಾಠ ಹೊರಬಂದದ್ದು 1983ರಲ್ಲಿ.

ಪೆಟ್ಟು ಬಿದ್ದದ್ದು ಎಲ್ಲಿ

1969ರಲ್ಲಿ ಟ್ರಾವಿಸ್ ಹಿರ್ಷಿ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಪ್ರದೇಶದ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರಗಳನ್ನು ಮುಂದಿಟ್ಟರು. ಒತ್ತಡ ಸಿದ್ಧಾಂತ ನಿಜವಾದರೆ, ಆಸೆ ಎತ್ತರದಲ್ಲಿದ್ದು ಅದು ಈಡೇರುವ ಭರವಸೆ ಕಡಿಮೆ ಇರುವ ಹುಡುಗನೇ ಹೆಚ್ಚು ತಪ್ಪು ಮಾಡಬೇಕು. ಸಿಕ್ಕಿದ್ದು ಬೇರೆ: ಓದಬೇಕೆಂಬ ಆಸೆ ಹೆಚ್ಚಿದ್ದವರು ಕಡಿಮೆ ತಪ್ಪು ಮಾಡಿದ್ದರು, ತಪ್ಪು ಮಾಡಿದವರಿಗೆ ದೊಡ್ಡ ಆಸೆಗಳೇ ಇರಲಿಲ್ಲ. ಹುಡುಗರನ್ನು ಹಿಡಿದಿಡುವುದು ಬಂಧಗಳು ಎಂದರು ಹಿರ್ಷಿ: ಪ್ರೀತಿಯ ನಂಟು, ಕಳೆದುಕೊಳ್ಳಲು ಏನಾದರೂ ಇರುವುದು, ಕೈತುಂಬ ಕೆಲಸ, ನಿಯಮದಲ್ಲಿ ನಂಬಿಕೆ.

ಎರಡನೆಯ ಪೆಟ್ಟು ಅಳತೆಯ ಬಗ್ಗೆ. ಪೊಲೀಸ್ ದಾಖಲೆಯ ಬದಲು ಹುಡುಗರನ್ನೇ ಗುಟ್ಟಾಗಿ ಕೇಳಿ ನಡೆಸಿದ ಸಮೀಕ್ಷೆಗಳಲ್ಲಿ ಸಣ್ಣಪುಟ್ಟ ತಪ್ಪುಗಳ ಮಟ್ಟಿಗೆ ಬಡವ-ಬಲ್ಲಿದ ವ್ಯತ್ಯಾಸ ಬಹಳ ತಗ್ಗಿತು. ಹಾಗಾದರೆ ದಾಖಲೆಯಲ್ಲಿ ಕಾಣುವ ಅಂತರದಲ್ಲಿ ಒಂದು ಪಾಲು, ಯಾರನ್ನು ಹಿಡಿದೊಯ್ಯುತ್ತಾರೆ ಎಂಬುದರದ್ದು.

ಮೂರನೆಯದು ಹೆಣ್ಣುಮಕ್ಕಳದು. ದಾರಿ ಮುಚ್ಚುವುದೇ ಕಾರಣವಾದರೆ ಅಪರಾಧದಲ್ಲಿ ಹೆಂಗಸರು ಮುಂದಿರಬೇಕಿತ್ತು, ಅವರಿಗೆ ಮುಚ್ಚಿದಷ್ಟು ಬಾಗಿಲು ಯಾರಿಗೆ ಮುಚ್ಚಿದ್ದಾರೆ?

ಆಗ್ನ್ಯೂ ಮಾಡಿದ ರಿಪೇರಿ

ಈ ಮೂರೂ ಪೆಟ್ಟುಗಳನ್ನು ತಿಂದ ಸಿದ್ಧಾಂತವನ್ನು 1992ರಲ್ಲಿ ರಾಬರ್ಟ್ ಆಗ್ನ್ಯೂ ಬಿಚ್ಚಿ ಜೋಡಿಸಿದರು. ಒತ್ತಡವೆಂದರೆ ದುಡ್ಡಿನ ಗುರಿ ತಪ್ಪುವುದೊಂದೇ ಅಲ್ಲ. ಮೂರು ಬಗೆ: ಬಯಸಿದ್ದು ಸಿಗದಿರುವುದು, ಇದ್ದ ಒಳ್ಳೆಯದು ಕೈತಪ್ಪುವುದು (ತಾಯಿಯ ಸಾವು, ಗೆಳತಿ ದೂರವಾಗುವುದು, ಶಾಲೆಯಿಂದ ಹೊರಬೀಳುವುದು), ಕೆಟ್ಟದ್ದು ಮೈಮೇಲೆ ಬರುವುದು (ಹೊಡೆತ, ಅವಮಾನ, ಕಿರುಕುಳ). ಇವು ಒಳಗೆ ಒಂದು ಭಾವ ಹುಟ್ಟಿಸುತ್ತವೆ. ಆ ಭಾವ ಸಿಟ್ಟಾದರೆ ಅಪರಾಧಕ್ಕೆ ಹತ್ತಿರ, ಯಾಕೆಂದರೆ ಸಿಟ್ಟು ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸುತ್ತದೆ, ಕೈಗೆ ಚುರುಕು ಕೊಡುತ್ತದೆ. 1997ರಲ್ಲಿ ಲೀಸಾ ಬ್ರಾಯ್ಡಿ ಜೊತೆ ಬರೆದಾಗ ಹೆಣ್ಣುಮಕ್ಕಳ ಪ್ರಶ್ನೆಗೂ ಉತ್ತರ ಹುಡುಕಿದರು: ಅವರಲ್ಲಿ ಸಿಟ್ಟಿನ ಬೆನ್ನಿಗೇ ಅಪರಾಧಿ ಭಾವವೂ ಖಿನ್ನತೆಯೂ ಬರುತ್ತವೆ, ಏಟು ಹೊರಗೆ ಬೀಳುವ ಬದಲು ಒಳಗೆ ಬೀಳುತ್ತದೆ.

ಕೆಲಸಕ್ಕೆ ಬರುವ ಭಾಗ 2001ರದ್ದು. ಯಾವ ಒತ್ತಡ ಅಪರಾಧಕ್ಕೆ ದಾರಿ? ಅನ್ಯಾಯವೆಂದು ತೋರಬೇಕು, ದೊಡ್ಡದಾಗಿರಬೇಕು, ಅಂಕೆ ಸಡಿಲವಾದ ಕಡೆ ಹುಟ್ಟಿರಬೇಕು, ಅಪರಾಧದತ್ತ ಸೆಳೆಯುವಂತಿರಬೇಕು. ಈ ಜರಡಿಯಲ್ಲಿ ಹಾಕಿದರೆ ಉಳಿಯುವುದು: ಮನೆಯಲ್ಲಿ ತಿರಸ್ಕಾರ, ಇವತ್ತು ಬಾರುಕೋಲು ನಾಳೆ ಮುದ್ದು ಎಂಬಂಥ ಶಿಕ್ಷೆ, ಮಕ್ಕಳ ಮೇಲಿನ ದೌರ್ಜನ್ಯ, ಶಾಲೆಯ ಅವಮಾನ, ಭರವಸೆಯಿಲ್ಲದ ಕೂಲಿ, ಸೂರಿಲ್ಲದಿರುವುದು, ತಾರತಮ್ಯ, ತಾನೇ ಅಪರಾಧಕ್ಕೆ ಬಲಿಯಾಗಿರುವುದು. ಜಾರಿಹೋಗುವುದು: ಪರೀಕ್ಷೆಗೆ ರಾತ್ರಿಯಿಡೀ ಓದುವುದು, ತಂದೆತಾಯಿಯ ಕಟ್ಟುನಿಟ್ಟು, ಸಂಬಳ ಚೆನ್ನಾಗಿದ್ದು ಕೆಲಸ ಜಾಸ್ತಿ ಇರುವುದು, ಕಾಯಿಲೆಯವರ ಆರೈಕೆ. ಇವೂ ಸುಸ್ತು ಮಾಡುತ್ತವೆ, ಆದರೆ ಕಳ್ಳನನ್ನು ಮಾಡುವುದಿಲ್ಲ.

ಅಮೆರಿಕದಲ್ಲೇ ಸ್ಟೀವನ್ ಮೆಸ್ನರ್ ಮತ್ತು ರಿಚರ್ಡ್ ರೋಸೆನ್‌ಫೆಲ್ಡ್ 1994ರಲ್ಲಿ ಮರ್ಟನ್‌ರನ್ನು ಇನ್ನೊಂದು ಕಡೆಯಿಂದ ಬೆಳೆಸಿದರು: ಕುಟುಂಬ, ಶಾಲೆ, ರಾಜಕೀಯ ಎಲ್ಲವೂ ದುಡ್ಡಿನ ಲೆಕ್ಕಕ್ಕೆ ಬಾಗಿದ ಸಮಾಜದಲ್ಲಿ ಬರೀ ಅವಕಾಶ ಹೆಚ್ಚಿಸಿದರೆ ಅಪರಾಧ ಇಳಿಯದು.

ಒಂದು ಪ್ರಕರಣ ಕೈಗೆ ಬಂದರೆ

ಪತ್ರಕರ್ತರಾಗಲಿ, ಶಿಕ್ಷಕರಾಗಲಿ, ಬಾಲನ್ಯಾಯ ಮಂಡಳಿಗೆ ವರದಿ ಬರೆಯುವ ಸಮಾಜ ಕಾರ್ಯಕರ್ತರಾಗಲಿ, ಈ ಸಿದ್ಧಾಂತಗಳನ್ನು ಬಳಸುವಾಗ ಸರಪಳಿಯ ಕ್ರಮ ಬಿಡಬಾರದು. ಮೊದಲು ಒತ್ತಡವನ್ನು ಹೆಸರಿಸಿ: ಏನು ತಪ್ಪಿತು, ಏನು ಹೋಯಿತು, ಏನು ಮೈಮೇಲೆ ಬಂತು. ‘ಬಡತನ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಅದು ಅವನಿಗೆ ಅನ್ಯಾಯವೆಂದು ತೋರಿತೆ ಎಂದು ಕೇಳಿ. ಅವನ ಮಾನ ಎಲ್ಲಿ ಅಳೆಯಲ್ಪಡುತ್ತಿತ್ತು, ಅಲ್ಲಿ ಸೋತ ಬೇರೆಯವರು ಅವನಿಗೆ ಸಿಕ್ಕಿದ್ದು ಹೇಗೆ ಎಂದು ಹುಡುಕಿ. ಆ ಬೀದಿಯಲ್ಲಿ ಯಾವ ಅಡ್ಡದಾರಿಯ ಬಾಗಿಲು ತೆರೆದಿತ್ತು, ಕಲಿಸಿದವರು ಯಾರು, ಕೊಂಡವರು ಯಾರು ನೋಡಿ. ಅವನು ಹೇಳುವ ಸಬೂಬನ್ನು ಅವನ ಮಾತಿನಲ್ಲೇ ಬರೆದುಕೊಳ್ಳಿ. ಕೊನೆಯದಾಗಿ, ಅದೇ ಮನೆಯ ಅದೇ ಬೀದಿಯ ಇನ್ನೊಬ್ಬ ಹುಡುಗ ಯಾಕೆ ಹೀಗಾಗಲಿಲ್ಲ ಎಂದು ಕೇಳಿ. ಅವನನ್ನು ಹಿಡಿದಿಟ್ಟ ಬಂಧ ಯಾವುದೆಂದು ಗೊತ್ತಾದರೆ ಮಾಡಬೇಕಾದ ಕೆಲಸವೂ ಗೊತ್ತಾಗುತ್ತದೆ.

ಉಪಸಂಸ್ಕೃತಿ ಎಂಬ ಪದವನ್ನು ಮಾತ್ರ ಬಹಳ ಜೋಪಾನವಾಗಿ ಬಳಸಬೇಕು. ಕೊಹೆನ್ ಬರೆದದ್ದು ಕಟ್ಟೆಯ ಮೇಲಿನ ನಾಲ್ಕು ಹುಡುಗರ ಬಗ್ಗೆ, ಅವರು ಹುಟ್ಟಿದ ಸಮುದಾಯದ ಬಗ್ಗೆ ಅಲ್ಲ. ಆ ಗೆರೆ ಅಳಿಸಿದರೆ ಏನಾಗುತ್ತದೆಂದು ನಮ್ಮ ನೆಲ ಬಲ್ಲದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆಯಿತು. ಮುಂದೆ ಅದು ಮುಂಬಯಿ ಪ್ರಾಂತ್ಯಕ್ಕೂ ಬಂದಾಗ ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಅವರನ್ನು ಕೂಡಿಹಾಕಿ ಹಾಜರಿ ತೆಗೆದುಕೊಳ್ಳುವ ವಸಾಹತುಗಳೆದ್ದವು. ಕಾಯ್ದೆ 1952ರಲ್ಲಿ ರದ್ದಾಯಿತು, ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು. ಹುಬ್ಬಳ್ಳಿಯಲ್ಲಿ ಆ ಬಡಾವಣೆಯನ್ನು ಜನ ಈಗಲೂ ಕರೆಯುವುದು ಸೆಟ್ಲಮೆಂಟ್ ಎಂದೇ.